ಟೆರೇಸ್ ಕೋಳಿಯ ಕೊಕ್ಕು, ಉಗುರು ಮನೆಯಲ್ಲೇ ಕತ್ತರಿಸಬಹುದಾ?

ಕತ್ರಿಗುಪ್ಪೆ ಕೋಳಿಯಮ್ಮ:
ಟೆರೇಸಿನಲ್ಲಿ 3 ಹೇಂಟೆ ಸಾಕಿದ್ದೇನೆ. ಎರಡು ನಾಟಿ, ಒಂದು ಗಿರಿರಾಜ ತಳಿ. ಗಿರಿರಾಜದ ಹೆಸರು ಗುಂಡಮ್ಮ. ಈಗೀಗ ಅವಳ ಮೇಲ್ಗೊಕ್ಕು ಗಿಣಿಯ ಹಾಗೆ ಬಾಗಿದೆ. ರಾಗಿ ಹೆಕ್ಕಲು ಹೋದರೆ ಕೊಕ್ಕಿನ ತುದಿ ನೆಲಕ್ಕೆ ತಾಗಿ ಕಾಳು ಜಾರುತ್ತದೆ. ಪಾಪ, ತಲೆ ಓರೆ ಮಾಡಿ ಪಕ್ಕದಿಂದ ಗೋರಿಕೊಂಡು ತಿನ್ನುತ್ತಾಳೆ. ಉಗುರು ಗೋಣಿಚೀಲದ ನೂಲಿಗೆ ಸಿಕ್ಕಿಕೊಳ್ಳುತ್ತದೆ.

ಭಾನುವಾರ ಧೈರ್ಯ ಮಾಡಿ ಅವಳ ಉಗುರಿಗೆ ನಮ್ಮದೇ ನೇಲ್ ಕಟರ್ ಹಾಕಿದೆ. ಟಕ್ ಅಂತು, ರಕ್ತ! ಅರಿಶಿನ ಒತ್ತಿ ಹಿಡಿದು ನಿಲ್ಲಿಸಿದೆ. ಕೆಳಗೆ ಬಿಟ್ಟ ಕೂಡಲೇ ಉಳಿದೆರಡೂ ಬಂದು ಆ ಕೆಂಪು ಚುಕ್ಕೆಯನ್ನೇ ಕುಕ್ಕತೊಡಗಿದವು. ಹತ್ತಿರದ ಕ್ಲಿನಿಕ್‌ನಲ್ಲಿ ಕೇಳಿದರೆ "ಕೋಳಿಗೂ ಪೆಡಿಕ್ಯೂರಾ ಮೇಡಂ?" ಅಂತ ನಕ್ಕರು. ಈಗ ಟವೆಲ್ ಕಂಡರೆ ಸಾಕು, ಗುಂಡಮ್ಮ ಸಿಂಟೆಕ್ಸ್ ಹಿಂದೆ ಓಡುತ್ತಾಳೆ. ಏನು ಮಾಡಲಿ?

ಆನೇಕಲ್ ಹುಂಜ:
ಹಗಲಲ್ಲಿ ಹಿಡಿಯಬೇಡಿ. ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಳ್ಳಿ, ಸುಮ್ನೆ ಇರುತ್ತದೆ. ಹಳೇ ಲುಂಗಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳಿ. ಎದೆ ಮಾತ್ರ ಬಿಗಿಯಬಾರದು. ಕೋಳಿಗೆ ನಮ್ಮ ಹಾಗೆ ವಪೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು, ಡಯಾಫ್ರಂ) ಇಲ್ಲ, ಎದೆಗೂಡು ಆಡಿದರೇನೇ ಉಸಿರು.

ಕಾಲನ್ನು 10 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದರೆ ಉಗುರು ಮೆತ್ತಗಾಗುತ್ತದೆ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಒಳಗೆ ಕೆಂಪು ಎಳೆ ಕಾಣುತ್ತದಲ್ವಾ, ಅದೇ ರಕ್ತನಾಳ. ಅದು ಮುಗಿದ ಮೇಲೂ 2-3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಕಪ್ಪುಗುರಾದರೆ ಏನೂ ಕಾಣುವುದಿಲ್ಲ, ಚೂರುಚೂರೇ ತೆಗೆಯಬೇಕು. ನಮ್ಮ ನೇಲ್ ಕಟರ್ ದುಂಡುಗುರನ್ನು ಅಮುಕಿ ಸೀಳುತ್ತದೆ, ನಾಯಿಯದ್ದು ತನ್ನಿ. 15 ದಿನಕ್ಕೊಮ್ಮೆ ತುದಿ ತೆಗೆಯುತ್ತಾ ಹೋದರೆ ಒಳಗಿನ ರಕ್ತನಾಳವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ, ಪೂರ್ತಿ ನಿಲ್ಲುವ ತನಕ ಬೇರೆ ಇಡಿ.

ಕೊಕ್ಕಿಗೆ ಕತ್ತರಿ ಬೇಡವೇ ಬೇಡ, ಸೀಳಿಬಿಟ್ಟೀತು. ನೇಲ್ ಫೈಲ್‌ನಲ್ಲಿ ಒಂದೇ ದಿಕ್ಕಿಗೆ ಉಜ್ಜಿ. ಮೂಗಿನ ತೂತಿಗೆ ಬೆರಳು ಅಡ್ಡ ಬರದಿರಲಿ. ಮೇಲ್ಗೊಕ್ಕು ಕೆಳಗಿನದಕ್ಕಿಂತ ಸ್ವಲ್ಪ ಉದ್ದ ಇರುವುದೇ ಸರಿ, ಸಮ ಮಾಡಲು ಹೋಗಬೇಡಿ. ಫಾರಂಗಳಲ್ಲಿ ಬಿಸಿ ಬ್ಲೇಡಿಂದ ಕೊಕ್ಕು ಸುಡುತ್ತಾರಲ್ಲ, ಅದರ ವಿಡಿಯೋ ನೋಡಿ ಕಲಿಯಲೂ ಬೇಡಿ. ಅಲ್ಲಿ ನರ ಇರುವ ಭಾಗವೇ ಹೋಗುತ್ತದೆ.

ಯಲಹಂಕ ಅಜ್ಜ:
ನಮ್ಮೂರಲ್ಲಿ ಕೋಳಿ ಉಗುರು ಯಾರಮ್ಮ ಕತ್ತರಿಸುತ್ತಿದ್ದರು? ನೆಲ ಯಾವುದು ಹೇಳಿ ಮೊದಲು. ಟೈಲ್ಸ್, ಸ್ಟೀಲ್ ಬಟ್ಟಲು ಅಲ್ವಾ? ಕೆರೆಯಲು ಮಣ್ಣಿಲ್ಲ, ಕೊಕ್ಕು ತಿಕ್ಕಲು ಕಲ್ಲಿಲ್ಲ. ಒರಟು ಚಪ್ಪಡಿಯೊಂದು ಹಾಕಿ, ಅದರ ಮೇಲೆ ನೆನೆಸಿದ ನುಚ್ಚು ಹರಡಿ. ತಿನ್ನುತ್ತಾ ತಾನೇ ಮಸೆದುಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಟಬ್ ಮಣ್ಣು, ಮರಳು ಇಡಿ. ಆದರೆ ಮೇಲಿನ ಕೊಕ್ಕು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ತಿರುಗಿದ್ದರೆ ಕಲ್ಲಿಂದ ಆಗುವುದಿಲ್ಲ, ಆಗಾಗ ಉಜ್ಜುತ್ತಲೇ ಇರಬೇಕು. ಗಿರಿರಾಜ ತಳಿ ಹುಟ್ಟಿದ್ದೇ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ. ಅಲ್ಲಿಗೆ ಹೋಗಿ ತೋರಿಸಿ. ಅವಳಿಗೆ ತವರುಮನೆ, ಅಲ್ಲಿ ಯಾರೂ ನಗಲಿಕ್ಕಿಲ್ಲ.

ಕತ್ರಿಗುಪ್ಪೆ ಕೋಳಿಯಮ್ಮ:
ಅಜ್ಜ, ಟೈಲ್ಸೇ! ಬಟ್ಟಲೂ ಸ್ಟೀಲೇ. ಕೊಕ್ಕು ನೇರವಾಗೇ ಇದೆ, ಉದ್ದ ಮಾತ್ರ. ನಿನ್ನೆ ರಾತ್ರಿ 9ಕ್ಕೆ ಲುಂಗಿ ಪ್ರಯೋಗ ಆಯಿತು. ಕೊಕ್ಕಿಂದ ಬಿಳಿ ಪುಡಿ ಉದುರುತ್ತಿತ್ತು, ಗುಂಡಮ್ಮ ಅರ್ಧ ಕಣ್ಣು ಮುಚ್ಚಿ ಕೂತಿದ್ದಳು. ಬೆಳಿಗ್ಗೆ ನೋಡಿದರೆ ರಾಗಿ ನೇರವಾಗಿ ಹೆಕ್ಕುತ್ತಿದ್ದಾಳೆ. ಉಗುರು ಎರಡೇ ಆಗಿದ್ದು, ನನ್ನ ಕೈ ನಡುಗಿತು. ಚಪ್ಪಡಿ ಕಲ್ಲನ್ನು ಮೂರನೇ ಮಹಡಿಗೆ ಹೊರುವವರು ಯಾರು ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಮಗಳು ಅವಳ ನೇಲ್ ಫೈಲ್ ಹುಡುಕುತ್ತಿದ್ದಾಳೆ, ನಾನಿನ್ನೂ ಬಾಯಿ ಬಿಟ್ಟಿಲ್ಲ.