ಕಳ್ಳಿ, ಲೋಳೆಸರ, ಸೀಡಮ್: ಹೋಮಿಯೋಪಥಿಯಲ್ಲಿ ಎಲ್ಲಾ ಒಂದೇ ಗುಂಪಾ?

ಪ್ರಶ್ನೆ
ಕ್ಯಾಕ್ಟಸ್ ಗ್ರಾಂಡಿಫ್ಲೋರಸ್, ಯುಫೋರ್ಬಿಯಂ (ಕಳ್ಳಿಯ ಜಾತಿ), ಅಲೋ (ಲೋಳೆಸರ), ಸೀಡಮ್ ಏಕರ್: ನಾಲ್ಕೂ ನೀರು ತುಂಬಿಟ್ಟುಕೊಳ್ಳುವ ದಪ್ಪ ಗಿಡಗಳಿಂದ ಬಂದ ಔಷಧಗಳು. ಒಂದೇ ಕುಟುಂಬದ ಗಿಡಗಳ ಔಷಧಗಳಿಗೆಲ್ಲ ಒಂದು ಸಮಾನ ಅನುಭವ ಇರುತ್ತದೆ ಎನ್ನುವ ಹೋಮಿಯೋಪಥಿ ವೈದ್ಯ ರಾಜನ್ ಶಂಕರನ್ ಅವರ ಪದ್ಧತಿಯಂತೆ ಇವಕ್ಕೆಲ್ಲ ಒಂದೇ 'ಸಂವೇದನೆ' ಅಂತ ಹಿಡಿಯಬಹುದಾ? ಕಳ್ಳಿಯನ್ನು ಕ್ಯಾಕ್ಟಸ್‌ನಿಂದ ಬೇರೆ ಮಾಡಿ ಗುರುತಿಸುವುದು ಹೇಗೆ?

ಉತ್ತರ 1
ಹಾಗೆ ಹಿಡಿಯಬೇಡಿ. ನೀರು ಕೂಡಿಡುವುದು ಒಣ ಜಾಗದಲ್ಲಿ ಬದುಕುವ ರೀತಿ, ರಕ್ತಸಂಬಂಧವಲ್ಲ. ಈ ನಾಲ್ಕೂ ನಾಲ್ಕು ಕುಟುಂಬ: ಕ್ಯಾಕ್ಟೇಸಿ, ಯುಫೋರ್ಬಿಯೇಸಿ, ಆಸ್ಫೋಡೆಲೇಸಿ, ಕ್ರಾಸುಲೇಸಿ. ಹಳೆಯ ಪುಸ್ತಕಗಳಲ್ಲಿ ಲೋಳೆಸರ ಲಿಲಿಯೇಸಿಯಲ್ಲಿದೆ, ಅದನ್ನು ತಿದ್ದಿಕೊಳ್ಳಿ.

ಗುರುತಿಗೆ 10 ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳು, ಹೂವು ಎರಡೂ ಹತ್ತಿಯಂಥ ಪುಟ್ಟ ದಿಂಬಿನಿಂದ ಹೊರಡುತ್ತವೆ, ಅದೇ ಏರಿಯೋಲ್. ನಮ್ಮ ಬೇಲಿಕಳ್ಳಿಗಳಲ್ಲಿ ಆ ದಿಂಬಿಲ್ಲ, ಸಾಮಾನ್ಯವಾಗಿ ಮುಳ್ಳು ಜೋಡಿ ಜೋಡಿ. ಹಾಲು ಬಂತು ಅಂತ ಮಾತ್ರ ತೀರ್ಮಾನಿಸಬೇಡಿ, ಮ್ಯಾಮಿಲೇರಿಯಾ ಕ್ಯಾಕ್ಟಸ್‌ಗಳಲ್ಲೂ ಕೆಲವಕ್ಕೆ ಹಾಲಿರುತ್ತದೆ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ: ಕೈಗವಸು ಹಾಕಿಯೇ ಮುಟ್ಟಿ, ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ತಕ್ಷಣ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಉತ್ತರ 2
ಹೋಮಿಯೋಪಥಿಯ ಔಷಧಗ್ರಂಥಗಳು ಒಂದೊಂದು ಔಷಧಕ್ಕೂ ಹೇಳುವ ಲಕ್ಷಣಗಳೂ ಬೇರೆ ಬೇರೆ. ಕ್ಯಾಕ್ಟಸ್‌ಗೆ ಕಬ್ಬಿಣದ ಕೈ ಎದೆಯನ್ನು ಹಿಂಡಿದಂಥ ಬಿಗಿತ. ಶಂಕರನ್ ಪದ್ಧತಿಯಲ್ಲಿ ಕ್ಯಾಕ್ಟೇಸಿಗೆ ಹೇಳುವ 'ಕುಗ್ಗುವಿಕೆ' ಎಂಬ ಸೂತ್ರ ಇದಕ್ಕೆ ಹೊಂದುತ್ತದೆ. ಯುಫೋರ್ಬಿಯಂಗೆ ಕೆಂಡದಂಥ ಉರಿ, ಅದನ್ನು ತಯಾರಿಸುವುದೇ ಚರ್ಮ ಸುಡುವ ಒಣ ಹಾಲಿನಿಂದ. ಅಲೋಗೆ ಗುದದ ಹಿಡಿತ ತಪ್ಪುವ ಭಯ, ಬೆಳಿಗ್ಗೆ ಅವಸರದ ಭೇದಿ. ಸೀಡಮ್ ಏಕರ್‌ಗೆ ಗುದಸೀಳು, ಮಲವಿಸರ್ಜನೆಯ ನಂತರದ ಹಿಂಡುನೋವು.

ಸೀಡಮ್‌ನಲ್ಲೂ ಹಿಂಡುವ ನೋವಿದೆ ಅಂತ ಅದನ್ನು ಕ್ಯಾಕ್ಟೇಸಿಗೆ ಸೇರಿಸಬೇಡಿ. ಒಂದು ಲಕ್ಷಣ ಕೂಡಿದ ಮಾತ್ರಕ್ಕೆ ಕುಟುಂಬ ಒಂದಾಗದು.

ಪ್ರಶ್ನಿಸಿದವರು
ಮಂಗರವಳ್ಳಿ? ಅದರ ಕಾಂಡವೂ ದಪ್ಪ, ಚೌಕ.

ಉತ್ತರ 1
ಅದು ದ್ರಾಕ್ಷಿಯ ಕುಟುಂಬ, ವೈಟೇಸಿ. ಗೆಣ್ಣಿನ ಹತ್ತಿರ ಬಳ್ಳಿ ಹಬ್ಬುವ ಕುಡಿ ನೋಡಿ. ಮನೆಗಳಲ್ಲಿ 'ಬ್ರಹ್ಮಕಮಲ' ಅಂತ ಬೆಳೆಸುವ ರಾತ್ರಿ ಅರಳುವ ಗಿಡ ಮಾತ್ರ ನಿಜವಾದ ಕ್ಯಾಕ್ಟಸ್. ಮುಳ್ಳಿಲ್ಲದಿದ್ದರೂ ಚಪ್ಪಟೆ ಕಾಂಡದ ಅಂಚಿನ ಕಚ್ಚುಗಳಲ್ಲಿ ಏರಿಯೋಲ್ ಸಿಗುತ್ತದೆ.

ಉತ್ತರ 3
ಕುಟುಂಬದ ಈ ಅರ್ಥಗಳು ಹೋಮಿಯೋಪಥಿಯೊಳಗಿನ ವ್ಯಾಖ್ಯಾನ, ಚಿಕಿತ್ಸಾ ಪ್ರಯೋಗಗಳಲ್ಲಿ ಸಾಬೀತಾದವಲ್ಲ. ಔಷಧದ ಮೇಲೆ ಬರೆಯುವ 30ಸಿ ಅಂದರೆ ನೂರು ಪಟ್ಟಿನಂತೆ 30 ಸಲ ತೆಳುಮಾಡಿದ್ದು, 1ರ ಮುಂದೆ 60 ಸೊನ್ನೆಯಷ್ಟು ತೆಳುವು, ಮೂಲದ ಒಂದು ಅಣುವೂ ಉಳಿಯುವ ಸಂಭವ ಇಲ್ಲವೆನ್ನಬಹುದು. ಎದೆ ಹಿಂಡಿದಂತಾದರೆ ಕ್ಯಾಕ್ಟಸ್ ಹುಡುಕುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.