ಅಮೆರಿಕದ ಟೇಬಲ್ ಸಾ, ಬ್ಯಾಂಡ್ ಸಾ ಇಂಡಿಯಾದಲ್ಲಿ ಓಡ್ಸಿರೋರು ಅನುಭವ ಹೇಳಿ

ಮೈಸೂರಿಗೆ ವಾಪಸ್:
ಡಿಸೆಂಬರಲ್ಲಿ ಸಿಯಾಟಲ್ ಬಿಟ್ಟು ಮೈಸೂರಿಗೆ ಬರ್ತಾ ಇದೀವಿ. ಗ್ಯಾರೇಜಲ್ಲಿ ಮರ ಕೊಯ್ಯೋಕೆ ಒಂದೂವರೆ ಎಚ್‌ಪಿ ಟೇಬಲ್ ಸಾ, 14 ಇಂಚಿನ ಬ್ಯಾಂಡ್ ಸಾ, ಹಲಗೆ ನಯ ಮಾಡೋಕೆ ಡಿವಾಲ್ಟ್ ಪ್ಲೇನರ್ ಇದೆ, ಎಲ್ಲಾ 120 ವೋಲ್ಟು 60 ಹರ್ಟ್ಜು, ಊರಲ್ಲಿ 230 ವೋಲ್ಟು 50 ಹರ್ಟ್ಜು. ಕಂಟೇನರಲ್ಲಿ ಜಾಗ ಇದೆ. ಮೈಸೂರಿನ ಮನೇಲಿ ಸಿಂಗಲ್ ಫೇಸ್ ಅಷ್ಟೇ. ತರ್ಲಾ, ಇಲ್ಲೇ ಮಾರ್ಲಾ?

ಜೆಪಿ ನಗರ ಮರಗೆಲಸ:
ಮಾರ್ಬಿಟ್ಟು ಬನ್ನಿ ಸರ್. ನಾನೂ ಅಲ್ಲಿಂದ ಸಾ ತಂದಿದ್ದೆ, ನಂಗಾದ್ ಖರ್ಚು ಹೇಳ್ತೀನಿ ಕೇಳಿ. 230ನ್ನ 120ಕ್ಕೆ ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕಿತ್ತು, ಅಂಗಡಿಯವ್ನಿಗೆ ಮೋಟರ್ ನೇಮ್‌ಪ್ಲೇಟ್ ಫೋಟೋ ಕಳ್ಸಿ ಕೇಳಿದ್ರೆ 2 ಕೆವಿಎ ಸಾಮರ್ಥ್ಯದ್ದು ಧಾರಾಳ ಸಾಕು ಅಂದು 11,500 ಇಸ್ಕೊಂಡ. ಸ್ಟಾರ್ಟಿಂಗಲ್ಲಿ ಮೋಟರು ಐದಾರು ಪಟ್ಟು ಕರೆಂಟ್ ಎಳೆಯುತ್ತೆ ಅಂತ ಅವ್ನಿಗೆ ಗೊತ್ತಿರ್ಬೇಕು ತಾನೆ? ವೋಲ್ಟೇಜ್ ಕುಸಿದು ಬ್ಲೇಡು ಅರ್ಧ ಸುತ್ತು ತಿರುಗಿ ಗುಂಯ್ ಅಂತ ನಿಂತ್ಬಿಡೋದು, ಕೊನೆಗೆ ಸ್ಟಾರ್ಟ್ ಕ್ಯಾಪಾಸಿಟರ್ ಉಬ್ಬಿ ಒಡೆದು ಒಳಗಿನ ಕಾಗ್ದ ಎಲ್ಲಾ ಈಚೆ ಬಂತು. ವಾಪಸ್ ತಗೊಳಲ್ಲ ಅಂದ. ಆಮೇಲೆ ಬೇರೆ ಕಡೆ 5 ಕೆವಿಎ ತಾಮ್ರದ ವೈಂಡಿಂಗ್ ಮಾಡ್ಸಿದ್ದು 26,000, ಎತ್ತಿ ಇಡೋಕೆ ಇಬ್ರು ಬೇಕು. ಅದನ್ನ ಆನ್ ಮಾಡಿದ್ರೆ ಮನೆ ಎಂಸಿಬಿ (ಕರೆಂಟ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬೀಳೋದು, ಸಿ ಟೈಪ್ ತೆಗ್ದು, ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆದ್ರೂ ತಡ್ಕೊಳೋ ಡಿ ಟೈಪ್ ಹಾಕ್ಸಿದ್ಮೇಲೆ ಅದು ನಿಂತಿತು. ಇಷ್ಟೆಲ್ಲಾ ಆದ್ಮೇಲೂ ಹೊನ್ನೆ ಹಲಗೆ ಕೊಯ್ಯೋವಾಗ ಮೋಟರ್ ಮೇಲೆ ಕೈ ಇಡೋಕಾಗಲ್ಲ, ಅಷ್ಟು ಬಿಸಿ.

ಪೀಣ್ಯ ಫಿಟ್ಟರ್:
ಬಿಸಿ ಆಗ್ದೆ ಇನ್ನೇನಾಗುತ್ತೆ. ವೋಲ್ಟನ್ನ ಹರ್ಟ್ಜಿಂದ ಭಾಗಿಸಿ ನೋಡಿ, ಆ ಲೆಕ್ಕ ಬದಲಾಗ್ಬಾರ್ದು. 120 ಭಾಗ 60 ಅಂದ್ರೆ 2. ನಮ್ಮ 50 ಹರ್ಟ್ಜಿಗೆ ಆ ಮೋಟರ್ ಕೇಳೋದು 100 ವೋಲ್ಟು, ನೀವು 120 ಕೊಡ್ತಿದೀರ, ಒಳಗಿನ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ, ಅಂದ್ರೆ ಕಾಂತಶಕ್ತಿ ಹಿಡಿಯೋ ಮಿತಿ ಮುಟ್ಟಿ, ಲೋಡ್ ಇಲ್ದಿದ್ರೂ ಕಾಯುತ್ತೆ. ನನ್ ಹತ್ರ ಇರೋ ಅಮೆರಿಕದ ಲೇತು 460 ವೋಲ್ಟು ತ್ರೀ ಫೇಸು. 460 ಭಾಗ 60 ಅಂದ್ರೆ 7.67, ನಮ್ಮ ಲೈನು 400 ಭಾಗ 50 ಅಂದ್ರೆ 8. ಹತ್ರಹತ್ರ ಕೂತ್ಕೊಳುತ್ತೆ, ಯಾವ ಟ್ರಾನ್ಸ್‌ಫಾರ್ಮರೂ ಇಲ್ದೆ ಡೈರೆಕ್ಟ್ ಲೈನ್ ಮೇಲೆ ದಿನಾ ಓಡ್ತಿದೆ. ಸ್ಪೀಡು ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ, ಮೋಟರ್ ಪುಲ್ಲಿ 100 ಎಂಎಂ ಇದ್ದಿದ್ದನ್ನ 120 ಮಾಡ್ಸಿದೆ, ಮುಗೀತು.

ಹುಬ್ಬಳ್ಳಿ ವರ್ಕ್‌ಶಾಪ್:
ಪುಲ್ಲಿ ದೊಡ್ಡದು ಮಾಡಿದ್ರ ಮೋಟರ್ ಮ್ಯಾಲೆ ಲೋಡ್ ಏರ್ತದಲ್ರೀ, ಅದನ್ನ ಯಾಕ ಹೇಳಂಗಿಲ್ಲ ನೀವು? 50 ಹರ್ಟ್ಜಿನ್ಯಾಗ ಎಚ್‌ಪಿ ಮೊದ್ಲ ಕಡಿಮಿ ಆಗಿರ್ತದ. ನಾ ಅಂತೂ ಬ್ಯಾಂಡ್ ಸಾದ ಮೋಟರ್ನ ಕಿತ್ತಿ ಒಗದು ಕೊಯಮತ್ತೂರಿನ ಒಂದೂವರೆ ಎಚ್‌ಪಿ ಹಾಕ್ಸೀನಿ. ಮೋಟರ್ 9,200. ಅಮೆರಿಕದ ಶಾಫ್ಟ್ 5/8 ಇಂಚು, ಅಂದ್ರ 15.88 ಎಂಎಂ, ಇಲ್ಲೀದು 24. ಹಳೇ ಪುಲ್ಲಿ ಬೋರ್ ಮಾಡಿದ್ರ ಕೀ ಕೂಡೋ ಸೀಳಿಗೆ (ಕೀ ವೇ) ಜಾಗಾನ ಉಳಿಯಂಗಿಲ್ಲ, ಹೊಸಾದು ತಿರುವಿಸಿದ್ದು 1,600. ಕಾಲಿನ ತೂತು ಒಂದೂ ಕೂಡಂಗಿಲ್ಲ, ಅದಕ್ಕ 10 ಎಂಎಂ ಪ್ಲೇಟ್ ಕಡಿಸಿ ಸ್ಲಾಟ್ ಹೊಡಿಸಿದ್ದು 2,300. ಆದ್ರ ಈಗ ಬಂದು ನೋಡ್ರಿ, ಆರಿಂಚಿನ ಸಾಗವಾನಿ ದಿಮ್ಮಿ ಸೀಳಿದ್ರೂ ಮೋಟರ್ ಉಗುರು ಬೆಚ್ಚಗ ಇರ್ತದ.

ತೀರ್ಥಹಳ್ಳಿ ಫರ್ನಿಚರ್:
ನಾನು ತಂದಿದ್ದು ಪ್ಲೇನರ್ ಒಂದೇ, ಒಳ್ಳೇ ಕೆಲ್ಸ ಮಾಡ್ತಿದೆ. ಕಾರ್ಬನ್ ಬ್ರಷ್ ಇರೋ ಮೋಟರಿಗೆ ಹರ್ಟ್ಜ್ ತಲೆನೋವೇ ಇಲ್ಲ. 15 ಆಂಪಿಯರ್ ಇಂಟು 120 ಅಂದ್ರೆ 1,800 ವ್ಯಾಟು, ಒಂದೇ ವೈಂಡಿಂಗ್ ಇರೋ 3 ಕೆವಿಎ ಆಟೋ ಟ್ರಾನ್ಸ್‌ಫಾರ್ಮರ್ 7,000ಕ್ಕೆ ಸಿಕ್ತು. ನಮ್ಮೂರಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತೆ, ಆಗ ಔಟ್‌ಪುಟ್ಟು 99, ಹಲಸಿನ ಹಲಗೆ ಹಾಕಿದ್ರೆ ರೋಲರ್ ಎಳೆಯೋಕೇ ಕಷ್ಟಪಡುತ್ತೆ. ಅದಕ್ಕೆ ಬೆಳಿಗ್ಗೆ ಹೊತ್ತೇ ತೋಪಡ ಕೆಲ್ಸ ಮುಗಿಸ್ತೀನಿ.

ಜೆಪಿ ನಗರ ಮರಗೆಲಸ:
ಆಟೋ ಟ್ರಾನ್ಸ್‌ಫಾರ್ಮರಾ? ಮೇಡಂ, ಅದ್ರಲ್ಲಿ ನ್ಯೂಟ್ರಲ್ ಕಡೆ ಬಿಟ್ಟೋದ್ರೆ 230 ಸೀದಾ ಮಷೀನಿಗೆ ಬರುತ್ತೆ. ಬೇರೆಯವ್ರಿಗೆ ಇಂಥದ್ದನ್ನ ಹೇಳ್ಬೇಡಿ. ಎರಡು ವೈಂಡಿಂಗ್ ಬೇರೆಬೇರೆ ಇರೋ ಐಸೊಲೇಶನ್ ಟೈಪೇ ತಗೋಬೇಕು.

ತೀರ್ಥಹಳ್ಳಿ ಫರ್ನಿಚರ್:
ಅರ್ಥಿಂಗ್ ಸರಿಯಾಗಿದೆ, ಕರೆಂಟ್ ಲೀಕ್ ಆದ್ರೆ ಆಫ್ ಆಗೋ ಆರ್‌ಸಿಸಿಬಿ ಹಾಕ್ಸಿದೀನಿ, 16 ಆಂಪಿಯರ್ ಸಾಕೆಟಲ್ಲಿ ಫೇಸು ನ್ಯೂಟ್ರಲ್ ಟೆಸ್ಟರ್ ಇಟ್ಟು ನೋಡೀನೇ ಹಾಕಿರೋದು. ನಿಮ್ಗೆ ಯಾರೋ ಅಂಗಡಿಯವ್ನು ಮೋಸ ಮಾಡಿದ್ದಕ್ಕೆ ನನ್ ಮೇಲೆ ಯಾಕ್ರೀ ಸಿಟ್ಟು?

ವೈಟ್‌ಫೀಲ್ಡ್ ಮೇಕರ್:
ಎಲ್ರೂ 2010ರಲ್ಲೇ ಇದೀರ. ಮೋಟರಿಗೆ ಹೋಗೋ ಹರ್ಟ್ಜ್ ಬದಲಾಯ್ಸೋ ವಿಎಫ್‌ಡಿ ಡಬ್ಬಿ ಹಾಕಿ, 60 ಹರ್ಟ್ಜ್ ಸೆಟ್ ಮಾಡಿ, ಮುಗೀತು. ನನ್ ಟೇಬಲ್ ಸಾ ಅಮೆರಿಕದಲ್ಲಿ ಎಷ್ಟು ಸ್ಪೀಡಿತ್ತೋ ಅಷ್ಟೇ ಇದೆ.

ಪೀಣ್ಯ ಫಿಟ್ಟರ್:
ಗುರು, ಅವ್ರ ಮೋಟರ್ ಸಿಂಗಲ್ ಫೇಸು. ಸ್ಟಾರ್ಟ್ ಕ್ಯಾಪಾಸಿಟರ್, ಸ್ಪೀಡ್ ಬಂದ್ಮೇಲೆ ಅದನ್ನ ಬಿಡಿಸೋ ಸೆಂಟ್ರಿಫ್ಯೂಗಲ್ ಸ್ವಿಚ್ ಇರೋ ಮೋಟರಿಗೆ ವಿಎಫ್‌ಡಿ ಕೊಟ್ರೆ ಎರಡೂ ಸುಟ್ಟೋಗುತ್ತೆ. ಗೊತ್ತಿಲ್ದೆ ಹೇಳ್ಬಾರ್ದು.

ವೈಟ್‌ಫೀಲ್ಡ್ ಮೇಕರ್:
ಗೊತ್ತಿಲ್ದೆ ಅಂತ ನೀವು ಹೇಗ್ ಅಂತೀರ? ನಾನು ಮೋಟರೇ ಬದಲಾಯ್ಸಿರೋದು. ತ್ರೀ ಫೇಸ್ ಒಂದೂವರೆ ಎಚ್‌ಪಿ, 230ಕ್ಕೆ ಓಡೋ ಹಂಗೆ ಟರ್ಮಿನಲ್ ಬಾಕ್ಸಲ್ಲಿ ಸ್ಟಾರ್ ಲಿಂಕ್ ತೆಗ್ದು ಡೆಲ್ಟಾ ಮಾಡಿ, ಮನೆ ಸಿಂಗಲ್ ಫೇಸಿಂದಾನೇ ವಿಎಫ್‌ಡಿ. ಎರಡೂ ಸೇರಿ 19,000. ಮೆಲ್ಲಗೆ ಸ್ಟಾರ್ಟ್ ಆಗುತ್ತೆ, ಎಂಸಿಬಿ ಬೀಳೋ ಪ್ರಶ್ನೇನೇ ಇಲ್ಲ.

ಹುಬ್ಬಳ್ಳಿ ವರ್ಕ್‌ಶಾಪ್:
ಮರದ ಪುಡಿ ಒಳಗ ಹೋಗಿ ಆ ಡಬ್ಬಿ ಫ್ಯಾನ್ ನಿಂತಾಗ ಹೇಳ್ರಿ. ನನ್ನ ಗೆಳ್ಯಾಂದು ಎರಡು ಹೋಗ್ಯಾವ.

ಮೈಸೂರಿಗೆ ವಾಪಸ್:
ಎಲ್ರಿಗೂ ಥ್ಯಾಂಕ್ಸ್. ಈಗ ನೋಡ್ದೆ, ಟೇಬಲ್ ಸಾ ನೇಮ್‌ಪ್ಲೇಟಲ್ಲಿ 115/230 ಅಂತಿದೆ. ಹಂಗಾದ್ರೆ?

ಜೆಪಿ ನಗರ ಮರಗೆಲಸ:
ಹಂಗಾದ್ರೆ ಒಳಗಿನ ವೈರ್ 230ಕ್ಕೆ ಬದಲಾಯ್ಸಿ ಸೀದಾ ಹಾಕ್ಕೊಳ್ಳಿ, ಅದೃಷ್ಟವಂತ್ರು ನೀವು.

ಪೀಣ್ಯ ಫಿಟ್ಟರ್:
ಮತ್ತೆ ಅದೇ ಕಥೆ! ಆ 230 ಇರೋದು 60 ಹರ್ಟ್ಜಿಗೆ. 50ಕ್ಕೆ ಅದು 192 ಆಗ್ಬೇಕು, ನಮ್ ಲೈನಲ್ಲಿ 230 ಬರುತ್ತೆ, ಒಂದೊಂದ್ಸಲ 240. ಟ್ರಾನ್ಸ್‌ಫಾರ್ಮರ್ ದುಡ್ಡು ಉಳಿಯುತ್ತೆ, ಬಿಸಿ ಹೋಗಲ್ಲ. ಅದೇ ಮೋಟರ್ ಉಳಿಸ್ಕೋಬೇಕು ಅಂದ್ರೆ 230 ವೋಲ್ಟು 50 ಹರ್ಟ್ಜಿಗೆ ರೀವೈಂಡ್ ಮಾಡ್ಸಿ, ಅಂದ್ರೆ ಒಳಗಿನ ತಂತಿ ಹೊಸದಾಗಿ ಸುತ್ಸಿ. ಕೋರ್ ಅಷ್ಟೇ ಇರೋದ್ರಿಂದ ಒಂದೂವರೆ ಎಚ್‌ಪಿ ಇನ್ಮೇಲೆ ಒಂದೂಕಾಲೇ, ವೈಂಡಿಂಗ್ ಅಂಗಡಿಯವ್ರು ಒಂದೂವರೆನೇ ಬರುತ್ತೆ ಅಂದ್ರೆ ನಂಬ್ಬೇಡಿ. ತಾಮ್ರದ ತೂಕ ಬಿಲ್ಲಲ್ಲಿ ಬರೆಸ್ಕೊಳ್ಳಿ.

ಹುಬ್ಬಳ್ಳಿ ವರ್ಕ್‌ಶಾಪ್:
ರೀವೈಂಡಿಂಗ್‌ಗೆ ಕೊಡೋ ರೊಕ್ಕದಾಗ ಹೊಸಾ ಮೋಟರ್ ಅರ್ಧಾ ಬರ್ತದ. ಪುಲ್ಲಿ ಅಳತಿ ಬೇಕಂದ್ರ ಕೇಳ್ರಿ, ಡ್ರಾಯಿಂಗ್ ಕಳಸ್ತೀನಿ.