2 ಲಕ್ಷ ಕಿ.ಮೀ. ದಾಟಿದ ಡೀಸೆಲ್ ಪಿಕಪ್: ಎಂಜಿನ್ ಇನ್ನೆಷ್ಟು ಬಾಳುತ್ತದೆ?

ಪ್ರಶ್ನೆ: 3 ಲೀಟರ್, ನಾಲ್ಕು ಸಿಲಿಂಡರ್ ಕಾಮನ್ ರೈಲ್ ಡೀಸೆಲ್ ಪಿಕಪ್ ಮಾರಾಟಕ್ಕಿದೆ. 2,10,000 ಕಿ.ಮೀ. ಓಡಿದೆ. ಸ್ಟಾರ್ಟಿಂಗ್ ಚೆನ್ನಾಗಿದೆ, ಹೊಗೆ ಇಲ್ಲ. ಈ ಎಂಜಿನ್‌ಗಳು 4 ಲಕ್ಷ ಓಡುತ್ತವೆ ಅಂತಾರೆ. ನಂಬಬಹುದಾ? ಕೊಳ್ಳುವ ಮೊದಲು ಏನೇನು ನೋಡಬೇಕು?

ಉತ್ತರ (ಡೀಸೆಲ್ ಮೆಕ್ಯಾನಿಕ್): ಓಡುತ್ತವೆ. ಬರೀ ಓಡಿಯೇ ಸವೆದು ಹೋಗುವ ಎಂಜಿನ್‌ಗಳು ಕಡಿಮೆ. ಆಯಿಲ್ ಸಿಗದೆ, ಹೀಟ್ ಆಗಿ, ಇಲ್ಲವೇ ಧೂಳು ಎಳೆದುಕೊಂಡು ಕೆಡುವವೇ ಹೆಚ್ಚು. ಹಾಗಾಗಿ ಮೀಟರ್ ಬಿಟ್ಟು ಈ ಮೂರರ ಗುರುತು ಹುಡುಕಿ.

ಮೊದಲು, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬುಡದ ತಾಮ್ರದ ವಾಷರ್. ಟೊಯೋಟಾದ 1ಕೆಡಿ-ಎಫ್‌ಟಿವಿ ಎಂಜಿನ್‌ನಲ್ಲಿ ಇದು ಹೆಸರುವಾಸಿ ತೊಂದರೆ. ವಾಷರ್ ಲೀಕಾದರೆ ಉರಿದ ಗ್ಯಾಸ್ ವಾಲ್ವ್ ಕವರ್ ಒಳಗೆ ನುಗ್ಗುತ್ತದೆ, ಮಸಿ ಆಯಿಲ್‌ಗೆ ಸೇರಿ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿಗಿಳಿದು, ಪಂಪ್ ಆಯಿಲ್ ಹೀರುವ ಜಾಲರಿಗೆ (ಪಿಕಪ್ ಸ್ಟ್ರೇನರ್) ಜಿಗುಟಾಗಿ ಅಂಟುತ್ತದೆ. ಪಂಪಿಗೆ ಆಯಿಲ್ ಸಾಲದೆ ಟರ್ಬೊ ಹೋಗುತ್ತದೆ, ಬಿಗ್ ಎಂಡ್ ಬೇರಿಂಗ್ ಹೋಗುತ್ತದೆ. ಕೋಲ್ಡ್ ಸ್ಟಾರ್ಟ್‌ನಲ್ಲಿ ಚಕ್-ಚಕ್ ಸದ್ದು, ಆಯಿಲ್ ಲೈಟ್ ಆರಲು ತಡ, ಇವು ಲಕ್ಷಣ. ಲೈಟ್ ತಡವಾಗಿ ಆರುವ ಗಾಡಿಯನ್ನು ಸಂಪು ಬಿಚ್ಚಿ ನೋಡದೆ ಕೊಳ್ಳಲೇಬೇಡಿ. ವಾಷರ್ ಹಾಕಿಸುವಾಗ ಹಳೆಯದನ್ನು ಮತ್ತೆ ಬಳಸಬಾರದು, ಕೂರುವ ಸೀಟನ್ನು ಕಟರ್‌ನಿಂದ ಶುದ್ಧ ಮಾಡಬೇಕು. ಮಸಿಯ ಮೇಲೆಯೇ ಹೊಸ ವಾಷರ್ ಕೂರಿಸಿದರೆ ಮತ್ತೆ ಲೀಕ್ ಆಗುತ್ತದೆ.

ಎರಡನೆಯದು ಕೂಲೆಂಟ್. ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ರೇಡಿಯೇಟರ್ ಹೋಸ್ ಹಿಸುಕಿ ನೋಡಿ. ಒಂದೆರಡು ನಿಮಿಷದಲ್ಲೇ, ಎಂಜಿನ್ ಬಿಸಿಯಾಗುವ ಮೊದಲೇ, ಕಲ್ಲಿನಂತೆ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಇಲ್ಲವೇ ಹೆಡ್ ಬಿರುಕು ಬಿಟ್ಟಿರುವ ಅನುಮಾನ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಇಳಿಯುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ಕೂಲೆಂಟ್‌ನಿಂದ ತಣಿಸುವ ಭಾಗ) ಕೂಡ ನೋಡಿಸಿ.

ಧೂಳಿಗೆ ಏರ್ ಫಿಲ್ಟರ್ ದಾಟಿದ ಮೇಲಿನ ಹೋಸ್ ಕಳಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಕಂದು ಪುಡಿ ಅಂಟಿದರೆ ಪಿಸ್ಟನ್ ರಿಂಗ್‌ಗಳು ಈಗಾಗಲೇ ಸವೆದಿರಬಹುದು.

ಪ್ರಶ್ನೆ: ಆಯಿಲ್ ಕ್ಯಾಪ್ ಸಡಿಲಿಸಿಟ್ಟರೆ ಕುಣಿಯುತ್ತೆ. ಬ್ಲೋ-ಬೈ (ರಿಂಗ್ ದಾಟಿ ಗ್ಯಾಸ್ ಕೆಳಗೆ ನುಗ್ಗುವುದು) ಅಂತ ಗಾಡಿ ಬಿಟ್ಟುಬಿಡಬೇಕಾ?

ಉತ್ತರ (ಎಂಜಿನ್ ರೀಕಂಡೀಷನಿಂಗ್): ಕುಣಿದ ಮಾತ್ರಕ್ಕೆ ಬೇಡ. ಒಳ್ಳೆಯ ಡೀಸೆಲ್‌ನಲ್ಲೂ ಕ್ರ್ಯಾಂಕ್‌ಕೇಸ್ ಒತ್ತಡದ ಮಿಡಿತಕ್ಕೆ ಕ್ಯಾಪ್ ಅಲ್ಲಾಡುತ್ತದೆ. ಬಿಸಿ ಎಂಜಿನ್‌ನಲ್ಲಿ ಹೊಗೆ ದಪ್ಪಗೆ, ಬಿಡದೆ ಬಂದರೆ ಮಾತ್ರ ಚಿಂತೆ. ಆಗ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಜಿನ್‌ಗೆ ಕೊಟ್ಟಿರುವ ಕನಿಷ್ಠ ಮಿತಿಯಷ್ಟೇ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೂ ಮುಖ್ಯ: ಮೂರು 28 ಬಾರ್ ತೋರಿಸಿ ಒಂದು 21 ತೋರಿಸಿದರೆ ಆ ಸಿಲಿಂಡರ್‌ನ ರಿಂಗ್ ಅಥವಾ ವಾಲ್ವ್ ಹೋಗಿರಬಹುದು. ಜೊತೆಗೇ ಇಂಜೆಕ್ಟರ್ ಬ್ಯಾಕ್-ಲೀಕ್ ಟೆಸ್ಟ್ ಆಗಲಿ: ನಾಲ್ಕು ಬಾಟಲಿಗೆ ರಿಟರ್ನ್ ಪೈಪ್ ಕೊಟ್ಟು ಐಡ್ಲಿಂಗ್‌ನಲ್ಲಿ ಬಿಡಿ, ಒಂದರಲ್ಲಿ ಮಾತ್ರ ದುಪ್ಪಟ್ಟು ಡೀಸೆಲ್ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ.

ಪ್ರಶ್ನೆ: ನನ್ನದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ. ಸರ್ವೀಸ್ ಆದಮೇಲೆ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ. ಒಳ್ಳೆಯದೇ ಅಲ್ವಾ?

ಉತ್ತರ (ಡೀಸೆಲ್ ಮೆಕ್ಯಾನಿಕ್): ಅಲ್ಲ. ಆಯಿಲ್‌ಗೆ ಡೀಸೆಲ್ ಸೇರುತ್ತಿದೆ. ಫಿಲ್ಟರಿನ ಮಸಿ ಸುಡಲು ಹೆಚ್ಚಿನ ಡೀಸೆಲನ್ನು ಸಿಲಿಂಡರ್‌ಗೇ ತಡವಾಗಿ ಸಿಂಪಡಿಸುವ ಎಂಜಿನ್‌ಗಳಲ್ಲಿ, ಸ್ವಲ್ಪ ಭಾಗ ಗೋಡೆ ತೊಳೆದುಕೊಂಡು ಸಂಪಿಗಿಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಎಂಜಿನ್ ಆರಿಸುತ್ತಿದ್ದರೆ ಅದು ಮತ್ತೆ ಮತ್ತೆ ಶುರುವಾಗಿ ಡೀಸೆಲ್ ಸೇರುತ್ತಲೇ ಹೋಗುತ್ತದೆ. ಇಂಜೆಕ್ಟರ್ ಅಥವಾ ಹೈ ಪ್ರೆಷರ್ ಪಂಪ್ ಲೀಕ್ ಇದ್ದರೂ ಮಟ್ಟ ಏರುತ್ತದೆ, ಅದನ್ನೂ ನೋಡಿಸಿ. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಮ್ಯಾಕ್ಸ್ ಗುರುತು ದಾಟಿದ್ದರೆ ಕಿ.ಮೀ. ನೋಡಬೇಡಿ, ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಹಾಕುವುದು ಮ್ಯಾನುಯಲ್ ಹೇಳಿದ ಗ್ರೇಡಿನ, ಬೂದಿ ಕಡಿಮೆ ಬಿಡುವ ಆಯಿಲ್ ಆಗಿರಲಿ. ಡಿಪಿಎಫ್ ಲೈಟ್ ಬಂದಾಗ ಬೇಗ ಆರಿಸದೆ ಹೈವೇಯಲ್ಲಿ ಒಂದೇ ವೇಗದಲ್ಲಿ 20 ನಿಮಿಷ ಓಡಿಸಿ.